ಮೂರು ಮನೆ ಕೆಳಗೆ

ಕೀಬೋರ್ಡಿನ ಪುಟ್ಟ ಗಾಜಿನ ಕಿಟಕಿಯಲ್ಲಿ ಮೈನಸ್ ಮೂರು ಎಂದು ಮೂಡಿದ್ದನ್ನು ಖಾತ್ರಿ ಮಾಡಿಕೊಂಡು, ಅದರ ಮೇಲೆ ನನ್ನ ಅಳತೆ ಟೇಪನ್ನು ಸುರುಳಿ ಸುತ್ತಿ ಇಟ್ಟೆ. ಟೇಲರ್ ಹತ್ತಿರ ಟೇಪಿದ್ದರೆ ಯಾಕೆಂದು ಯಾರೂ ಕೇಳುವುದಿಲ್ಲ. ಅದನ್ನಲ್ಲಿ ಇಟ್ಟಿದ್ದು ಆ ಅಂಕಿ ನಮ್ಮ ಅತ್ತೆಯ ಕಣ್ಣಿಗೆ ಬೀಳಬಾರದೆಂದು.

"ಏನೇ, ಇಲ್ಲೂ ಅಳತೆ ತಗೋತೀಯಾ?" ಎಂದರು ಅತ್ತೆ, ಮೈಕಿನ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತ.

"ಗಿರಾಕಿ ಸಿಕ್ಕರೆ ಬಿಡೋಕಾಗುತ್ತಾ ಅತ್ತೆ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಎದುರಿಗೆ ಊಟದ ಹೋಟೆಲಿನ ಖುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು. ಸೂಪು ಕುಡಿಯುವವರು, ಮಕ್ಕಳ ಬಾಯಿ ಒರೆಸುವವರು, ನಮ್ಮ ಕಡೆ ಬೆನ್ನು ಹಾಕಿ ಕೂತವರು.

ನಮ್ಮದು ನಾಲ್ಕು ಜನರ ಬ್ಯಾಂಡು. ಡ್ರಮ್ ಬಾರಿಸುವವನು ನನ್ನ ಗಂಡ. ಹಗಲೆಲ್ಲ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾನೆ. ಗಿಟಾರಿನವನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಹಾಗಾಗಿ ಅವನಿಗೆ ಮಾತ್ರೆ ಎಂದೇ ಹೆಸರು. ಕೀಬೋರ್ಡು ನನ್ನದು. ಹಾಡುವುದು ನಮ್ಮ ಅತ್ತೆ. ಅತ್ತೆ ಹಾಡುವ ಬ್ಯಾಂಡೆಂದರೆ ಜನ ಮೊದಲು ನಗುತ್ತಾರೆ. ಅವರು ಬಾಯಿ ತೆರೆದ ಮೇಲೆ ನಗುವುದಿಲ್ಲ. ಏಕೆಂದರೆ ಆ ದನಿ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಎಂದು ಊರಿಗೆ ಊರನ್ನೇ ಬಸ್ಸು ಹತ್ತಿಸಿದವರು ಅವರು.

ಆಮೇಲೆ ನಿಲ್ದಾಣಕ್ಕೆ ಯಂತ್ರದ ದನಿ ಬಂತು. ಅತ್ತೆಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಆ ಚಳಿಗಾಲ ಪೂರ್ತಿ ಅತ್ತೆ ಮಾತೇ ಆಡಲಿಲ್ಲ. ಮುನಿಸಲ್ಲ, ಕಾಯಿಲೆಯಲ್ಲ; ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯ ಹತ್ತಿರ ಕೂತರು. ಊಟಕ್ಕೆ ಕರೆದರೆ ತಲೆಯಾಡಿಸುವುದು, ಮಗ ಬಂದರೆ ಕೈಸನ್ನೆ ಮಾಡುವುದು. ನಾನು ಜಗಳಕ್ಕೆಳೆದೆ. ಬೇಕೆಂದೇ ಸಾರಿಗೆ ಉಪ್ಪು ಸುರಿದೆ. ಬಯ್ಯಲೂ ಇಲ್ಲ ಮಹಾತಾಯಿ. ಬಯ್ಯದ ಅತ್ತೆಯ ಜೊತೆ ಬದುಕುವುದು ಎಷ್ಟು ಕಷ್ಟವೆಂದು ಬದುಕಿದವಳಿಗೇ ಗೊತ್ತು.

ಕೊನೆಗೆ ಒಂದು ಭಾನುವಾರ ನಾವು ಮೂವರು ನನ್ನ ಟೇಲರ್ ಅಂಗಡಿಯಲ್ಲಿ ಮಾತ್ರೆಯ ಕೈಲಿ ಹಾಡಿಸಿ ಅಭ್ಯಾಸ ಮಾಡುತ್ತಿದ್ದಾಗ, ಬೀಗದ ಕೈ ತೆಗೆದುಕೊಳ್ಳಲು ಬಂದ ಅತ್ತೆ ಬಾಗಿಲಲ್ಲಿ ನಿಂತು, "ಏನು ಮಾತ್ರೆ, ಗಂಟಲಲ್ಲಿ ಗುಳಿಗೆ ಸಿಕ್ಕಿದೆಯಾ?" ಎಂದು ಕೇಳಿ, ಅವನ ಕೈಯಿಂದ ಹಾಳೆ ಕಿತ್ತುಕೊಂಡು ತಾವೇ ಹಾಡಿದರು. ನನ್ನ ಗಂಡ ಡ್ರಮ್ಮಿನ ಹಿಂದೆ ತಲೆ ತಗ್ಗಿಸಿ ಅತ್ತ. ಅಂದಿನಿಂದ ಮನೆಯಲ್ಲಿ ಮಾತು ಶುರುವಾಯಿತು, ಬೈಗುಳವೂ ಶುರುವಾಯಿತು. ನನಗೆ ಜೀವ ಬಂದಂತಾಯಿತು.

ಆದರೆ ಅತ್ತೆ ಮೊದಲ ದಿನವೇ ಒಂದು ಮಾತು ಹೇಳಿಬಿಟ್ಟಿದ್ದರು. "ನೋಡಿ, ನನ್ನ ಶ್ರುತಿ ಇದು. ಹರೆಯದಿಂದ ಇದೇ. ಇದು ಇಳಿದ ದಿನ ನಾನೇ ಬಾಯಿ ಮುಚ್ಕೊಂಡು ಮೂಲೆಗೆ ಹೋಗ್ತೀನಿ, ಯಾರ ಹತ್ರಾನೂ ಹೇಳಿಸ್ಕೊಳ್ಳಲ್ಲ."

ಆ ಶ್ರುತಿ ಇಳಿಯಿತು. ಒಂದೇ ದಿನದಲ್ಲಲ್ಲ, ಒಗೆದ ಬಟ್ಟೆ ಕುಗ್ಗಿದಂತೆ, ಗೊತ್ತಾಗದ ಹಾಗೆ ಕುಗ್ಗಿತು. ಮಾತ್ರೆ ಬರೆದ ಕೊನೆಯ ಬಸ್ಸಿನ ಹಾಡಿನಲ್ಲಿ, 'ಕೊನೆಯ ಬಸ್ಸು ಹೋದ ಮೇಲೂ ದೀಪ ಆರಿಲ್ಲ' ಎಂಬ ಸಾಲಿದೆ. 'ದೀಪ' ಎನ್ನುವಲ್ಲಿ ದನಿ ಮೇಲಕ್ಕೇರಿ ನಿಲ್ಲಬೇಕು. ಅತ್ತೆಯ ದನಿ ಅಲ್ಲಿ ಬಿರಿಯತೊಡಗಿತು. "ನೆಗಡಿ" ಎಂದರು. ಇನ್ನೊಂದು ಭಾನುವಾರವೂ ನೆಗಡಿ. ಮೂರನೆಯ ಸಲ ಏನೂ ಹೇಳದೆ ಕಿಟಕಿಯ ಕಡೆ ನೋಡಿದರು. ಆ ನೋಟ ನನಗೆ ಗೊತ್ತಿತ್ತು, ಆ ಚಳಿಗಾಲದ್ದು.

ನನ್ನ ಕೀಬೋರ್ಡಿನಲ್ಲಿ ಒಂದು ಗುಂಡಿ ಇದೆ. ಒಮ್ಮೆ ಒತ್ತಿದರೆ ಇಡೀ ಯಂತ್ರದ ಶ್ರುತಿ ಒಂದು ಮನೆ ಕೆಳಗಿಳಿಯುತ್ತದೆ. ಕಪ್ಪು ಬಿಳಿ ಎನ್ನದೆ ಒಂದೊಂದು ಕೀಲಿಗೂ ನಾವು ಮನೆ ಎನ್ನುತ್ತೇವೆ. ಬೆರಳು ಇದ್ದ ಜಾಗದಲ್ಲೇ ಇರುತ್ತದೆ, ಸ್ವರ ಮಾತ್ರ ತಗ್ಗಿರುತ್ತದೆ. ಅತ್ತೆ ನಂಬುವುದು ನನ್ನ ಬೆರಳನ್ನು. ಅದೇ ಕರಿ ಕೀಲಿಯ ಮೇಲೆ ಬೆರಳಿಟ್ಟರೆ ಅದೇ ಶ್ರುತಿ ಎಂದು ಅವರ ಲೆಕ್ಕ. ನಾನು ಒಂದು ಮನೆ ಇಳಿಸಿದೆ. ದೀಪ ಹೊತ್ತಿಕೊಂಡಿತು. ಕೆಲವು ತಿಂಗಳ ಮೇಲೆ ಇನ್ನೊಂದು, ಮತ್ತೆ ಕೆಲವು ತಿಂಗಳಿಗೆ ಇನ್ನೊಂದು. ಮಾತ್ರೆ ತನ್ನ ಗಿಟಾರಿನ ತಂತಿಗಳನ್ನೂ ಅಷ್ಟಷ್ಟೇ ಸಡಿಲಿಸಿದ. "ಅಕ್ಕಾ, ಇನ್ನೂ ಇಳಿಸಿದ್ರೆ ಇದರ ಮೇಲೆ ಬಟ್ಟೆ ಒಣಗಿಸಬಹುದು" ಎಂದು ಗೊಣಗಿದ. ನನ್ನ ಗಂಡನಿಗೆ ಹೇಳಿದಾಗ ಅವನು ಎಂದಿನಂತೆ, "ನನ್ನ ಡ್ರಮ್ಮಿಗೆ ಶ್ರುತಿ ಇಲ್ಲ, ನನ್ನನ್ನು ಎಳೀಬೇಡಿ" ಎಂದು ಜಾರಿಕೊಂಡ.

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದೆವು. ಅಂಗಡಿಯಲ್ಲಿ ಮಾತ್ರೆ ತಂತಿ ತಿರುವುತ್ತ, "ಎಷ್ಟಕ್ಕ ಈಗ?" ಎಂದ. ನಾನು, "ಮೂರು ಮನೆ ಕೆಳಗೆ" ಎಂದೆ. ಬೆನ್ನ ಹಿಂದೆ ಚಹಾದ ಫ್ಲಾಸ್ಕು ಹಿಡಿದು ಅತ್ತೆ ನಿಂತಿದ್ದರು.

"ಯಾರೇ ಅದು ಮೂರು ಮನೆ ಕೆಳಗೆ?"

"ಇಸ್ತ್ರಿಯವನು ಅತ್ತೆ" ಎಂದೆ, ನಾಲಿಗೆಗೆ ಬಂದಿದ್ದನ್ನು. "ಯೂನಿಫಾರ್ಮು ಕೊಟ್ಟು ಬರಬೇಕಿತ್ತು."

ಅತ್ತೆ ಒಂದು ಕ್ಷಣ ಏನೋ ಹೇಳಲು ಬಾಯಿ ತೆರೆದರು. ಆಮೇಲೆ, "ಹೂಂ" ಎಂದು ಲೋಟಗಳಿಗೆ ಚಹಾ ಬಗ್ಗಿಸಿದರು. ಮಾತ್ರೆ ಕೆಮ್ಮಿ ಕೆಮ್ಮಿ ಹೊರಗೆ ಹೋದ.

ಇನ್ನು ನಮ್ಮಂಥವರಿಗೆ ಹಾಡಲು ಜಾಗ ಸಿಗುವ ಕಥೆ ಕೇಳಿ. ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: "ಇದಕ್ಕೆ ಮುಂಚೆ ಎಲ್ಲಿ ನುಡಿಸಿದ್ದೀರಿ?" ನುಡಿಸಿದ್ದರೆ ನಿನ್ನ ಮನೆ ಬಾಗಿಲಿಗೆ ಯಾಕೆ ಬರುತ್ತಿದ್ದೆನಪ್ಪಾ! ಹಾರ್ಡ್‌ವೇರ್ ಅಂಗಡಿಯವನು ತನ್ನ ಹೊಸ ಮಳಿಗೆಯ ಉದ್ಘಾಟನೆಗೆ ಕರೆದು, ಪೈಪುಗಳ ರಾಶಿಯ ಹಿಂದೆ ನಿಲ್ಲಿಸಿದ. ಬಂದವರು ರೇಡಿಯೋ ಎಂದುಕೊಂಡರು. ವ್ಯಾಯಾಮ ಶಾಲೆಯವನು ಎರಡು ಹಾಡು ಕೇಳಿ, ನಿಮ್ಮ ತಾಳಕ್ಕೆ ಓಡಿದರೆ ಜನ ನಿದ್ದೆ ಹೋಗಿ ಬೀಳುತ್ತಾರೆಂದ. ಹಲ್ಲಿನ ಡಾಕ್ಟರು ಕಾಯುವವರ ಕೋಣೆಯಲ್ಲಿ ಹಾಡಿಸಿದರು. ಕೆನ್ನೆ ಹಿಡಿದು ಕೂತವರು ಚಪ್ಪಾಳೆ ಹೇಗೆ ತಟ್ಟುತ್ತಾರೆ? ಜಾಗ ಸಿಕ್ಕರೆ ಜನ ಇಲ್ಲ. ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಸೊಂಟದ ಅಳತೆ ತೆಗೆಯುತ್ತ ಹೇಳುತ್ತಿದ್ದೆ. "ಖಂಡಿತ ಬರ್ತೀವಿ" ಎಂದವರು ಯಾರೂ ಬರುತ್ತಿರಲಿಲ್ಲ. "ನೋಡೋಣ" ಎಂದವರಲ್ಲಿ ಒಬ್ಬಿಬ್ಬರು ಬರುತ್ತಿದ್ದರು. ಖಂಡಿತ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಈ ಹೋಟೆಲು ಸಿಕ್ಕಿದ್ದು ಪರದೆಯಿಂದ. ಇಲ್ಲಿನ ಪರದೆ ಹೊಲಿಯುವ ಕೆಲಸ ನನಗೆ ಬಂದಿತ್ತು. ಏಣಿ ಹಿಡಿಯಲು ಅತ್ತೆಯನ್ನು ಕರೆದುಕೊಂಡು ಬಂದಿದ್ದೆ. ನಾನು ಮೇಲೆ ನಿಂತು ಉಂಗುರ ಪೋಣಿಸುವಾಗ ಅತ್ತೆ ಕೆಳಗಿಂದ, "ದಯವಿಟ್ಟು ಮೆಟ್ಟಿಲು ನೋಡಿಕೊಂಡು ಇಳಿಯಿರಿ" ಎಂದರು, ಅಭ್ಯಾಸಬಲ. ಊಟ ಮಾಡುತ್ತಿದ್ದ ಒಬ್ಬಾತ ಥಟ್ಟನೆ ಎದ್ದು ನಿಂತು ತನ್ನ ಚೀಲ ಹುಡುಕಿದ. ಇಡೀ ಹೋಟೆಲು ಗೊಳ್ಳೆಂದು ನಕ್ಕಿತು. ಯಜಮಾನಿ ಮಾತ್ರ ನಗಲಿಲ್ಲ. ಗಲ್ಲಾದಿಂದ ಎದ್ದು ಬಂದು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಬಸ್ ಸ್ಟ್ಯಾಂಡ್ ಅಮ್ಮ ನೀವೇನಾ?"

"ನಾನೇ. ಹಾಡ್ತೀನಿ ಕೂಡ" ಎಂದರು ಅತ್ತೆ, ಸಂದರ್ಭ ಬಿಡದೆ.

ಯಜಮಾನಿ ಹೋಟೆಲಿನ ಖುರ್ಚಿಗಳ ಮೇಲೆ ಕಣ್ಣು ಹಾಯಿಸಿದಳು. "ನನಗೆ ಸಂಗೀತ ಗೊತ್ತಿಲ್ಲ, ಖುರ್ಚಿ ಗೊತ್ತು. ಈ ದನಿಗೆ ಜನ ಎದ್ದು ನಿಲ್ತಾರೆ ಅಂದ್ರೆ ಕೂತ್ಕೊಳ್ಳೋಕೂ ಬರಬಹುದು. ಶನಿವಾರ ಸಂಜೆ ಎರಡು ಸುತ್ತು ಹಾಡಿ. ಎರಡನೇ ಸುತ್ತು ಮುಗಿಯೋವಾಗ ಖುರ್ಚಿ ತುಂಬಿದ್ರೆ ಪ್ರತಿ ಶನಿವಾರ ನಿಮ್ದು. ಖಾಲಿ ಆದ್ರೆ ಊಟ ಮಾಡ್ಕೊಂಡು ಹೋಗಿ, ಬೇಜಾರಿಲ್ಲ."

ಪ್ರತಿ ಶನಿವಾರ! ನಮ್ಮಂಥವರಿಗೆ ಅದೊಂದು ಸಿಂಹಾಸನ. ಮಾತ್ರೆ ಪೋಸ್ಟರು ಬರೆದ: 'ನಿಮ್ಮನ್ನು ಬಸ್ಸು ಹತ್ತಿಸಿದ ದನಿ ಈಗ ಹಾಡುತ್ತದೆ.' ಕೆಮ್ಮಿನ ಔಷಧಿ ಕೊಂಡವರಿಗೆಲ್ಲ ಒಂದೊಂದು ಹಂಚಿದ. ಅತ್ತೆ ಅದನ್ನು ದಿನಕ್ಕೆ ಎಷ್ಟು ಸಲ ಓದುತ್ತಿದ್ದರೋ. ಮನೆಯಲ್ಲಿ ನಡೆಯುವಾಗ ಬೆನ್ನು ನೆಟ್ಟಗಾಗಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಮೊದಲ ಸುತ್ತು ಚೆನ್ನಾಗಿಯೇ ಶುರುವಾಯಿತು. ಎರಡು ಹಾಡು ಮುಗಿಯುವಷ್ಟರಲ್ಲಿ ಬೆನ್ನು ಹಾಕಿ ಕೂತವರು ಖುರ್ಚಿ ತಿರುಗಿಸಿದರು. ಬಾಗಿಲ ಹತ್ತಿರ ನಿಂತಿದ್ದವರು ಒಳಗೆ ಬಂದು ಕೂತರು. ಯಜಮಾನಿ ಗಲ್ಲಾದಲ್ಲಿ ಕೂತು ಖುರ್ಚಿಗಳ ಮೇಲೆ ಕಣ್ಣಾಡಿಸುತ್ತಿದ್ದಳು. ಮೂರನೆಯದು ಕೊನೆಯ ಬಸ್ಸಿನ ಹಾಡು.

ನಡುವಿನಲ್ಲಿ ಕರೆಂಟು ಹೋಯಿತು.

ಮೈಕು ಸತ್ತಿತು, ಗಿಟಾರು ಸತ್ತಿತು, ನನ್ನ ಕೀಬೋರ್ಡೂ ಸತ್ತಿತು. ಬೆಳಗ್ಗೆಯಿಂದ ಗಂಡನಿಗೆ ಹೇಳುತ್ತಲೇ ಇದ್ದೆ, ಕೀಬೋರ್ಡಿಗೆ ಬ್ಯಾಟರಿ ಹಾಕು, ಬ್ಯಾಟರಿ ಹಾಕು ಎಂದು. ಊರಿನವರ ಮೋಟಾರೆಲ್ಲ ಸುತ್ತುವ ಪುಣ್ಯಾತ್ಮ, ಹೆಂಡತಿಯ ಯಂತ್ರಕ್ಕೆ ಬ್ಯಾಟರಿ ಮರೆತಿದ್ದ. ಆದರೆ ಅವನು ಬಾರಿಸುವುದನ್ನು ನಿಲ್ಲಿಸಲಿಲ್ಲ, ಅಷ್ಟು ಮೆಚ್ಚಬೇಕು. ಅತ್ತೆಯೂ ನಿಲ್ಲಿಸಲಿಲ್ಲ. ಮೈಕಿಲ್ಲದ ಆ ದನಿ ಮೇಜಿನಿಂದ ಮೇಜಿಗೆ ದಾಟಿ ಅಡುಗೆಮನೆಯವರೆಗೂ ಹೋಯಿತು. ಬಾಣಲೆಯ ಸದ್ದು ನಿಂತಿತು. ಕತ್ತಲಲ್ಲಿ ಜನ ಮೊಬೈಲಿನ ಬೆಳಕು ಎತ್ತಿ ಹಿಡಿದರು. 'ದೀಪ ಆರಿಲ್ಲ' ಎಂದು ಅತ್ತೆ ಹಾಡಿದಾಗ ಅಷ್ಟೂ ಜನ ಹೋ ಎಂದು ಕೂಗಿದರು.

ಅಷ್ಟರಲ್ಲಿ ಕರೆಂಟು ಬಂತು. ಮಾತ್ರೆಯ ಗಿಟಾರು ಸರಿಯಾಗಿ ಅತ್ತೆಯ ದನಿಯ ಜೊತೆ ಸೇರಿಕೊಂಡಿತು. ನಾನೂ ಹಿಗ್ಗಿನಲ್ಲಿ ಎರಡೂ ಕೈ ಚಾಚಿ, ಜೋರಾಗಿ ಅದೇ ಕರಿ ಕೀಲಿಯ ಮೇಲೆ ಬಿದ್ದೆ.

ಅಯ್ಯೋ ದೇವರೇ! ಆ ಸದ್ದನ್ನು ಏನೆಂದು ಹೇಳಲಿ. ಎರಡು ಬಸ್ಸು ಒಂದೇ ಬಾಗಿಲಿಂದ ನುಗ್ಗಿದ ಹಾಗಾಯಿತು. ಮುಂದಿನ ಮೇಜಿನ ಹೆಂಗಸು ಕಿವಿ ಮುಚ್ಚಿಕೊಂಡಳು. ಒಂದು ಕ್ಷಣ ನನಗೇ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಕರೆಂಟು ಹೋಗಿ ಬಂದರೆ ಈ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಮೈನಸ್ ಮೂರು ಹೋಗಿ ಸೊನ್ನೆಯಾಗಿತ್ತು. ನನಗೆ ಕಾಣಲಿಲ್ಲ, ಏಕೆಂದರೆ ಅದರ ಮೇಲೆ ನಾನೇ ಟೇಪು ಮುಚ್ಚಿದ್ದೆ.

ಮೂರು ಸಲ ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಆದರೆ ಅತ್ತೆ ಆಗಲೇ ನನ್ನ ಕಡೆ ತಿರುಗಿದ್ದರು. ಕಣ್ಣು ನನ್ನ ಬೆರಳಿನ ಮೇಲೆಯೇ ಇತ್ತು. ಟೇಪು ಎತ್ತಿ ಆ ಗುಂಡಿ ಒತ್ತಿದರೆ ಎಲ್ಲ ಬಯಲಾಗುತ್ತದೆ. ನನ್ನ ಕೈ ಮೇಲೇಳಲಿಲ್ಲ.

"ಕೀಬೋರ್ಡು ನಿಲ್ಲಿಸು" ಎಂದರು ಅತ್ತೆ. ಮೈಕು ಚಾಲೂ ಇತ್ತು. ಅದು ಎಲ್ಲರಿಗೂ ಕೇಳಿಸಿತು.

ನಿಲ್ಲಿಸಿದೆ. ಕೈ ಕಟ್ಟಿಕೊಂಡು ಕೂತೆ. ಹಾಡಿನ ಉಳಿದ ಭಾಗ ಮೂವರೇ ಮುಗಿಸಿದರು. ಚಪ್ಪಾಳೆ ಬಿತ್ತು, ಆದರೆ ಮೂಲೆಯ ಒಂದು ಮೇಜಿನವರು ಎದ್ದು ಹೋದರು. ಅವರ ಖಾಲಿ ಖುರ್ಚಿಗಳನ್ನು ಯಜಮಾನಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ವಿರಾಮದಲ್ಲಿ ನಮ್ಮನ್ನು ಅಡುಗೆಮನೆಯ ಪಕ್ಕದ ಓಣಿಯಂಥ ಜಾಗಕ್ಕೆ ಕರೆದಳು. ಒಂದು ಕಡೆ ಆಲೂಗಡ್ಡೆ ಚೀಲ, ಇನ್ನೊಂದು ಕಡೆ ತೊಳೆದ ತಟ್ಟೆಗಳ ರಾಶಿ. ನಿಲ್ಲಲು ಜಾಗವಿರಲಿಲ್ಲ.

"ನೇರವಾಗಿ ಹೇಳ್ತೀನಿ" ಎಂದಳು ಯಜಮಾನಿ. "ಅಮ್ಮನ ಹಾಡಿಗೆ ಮಾತಿಲ್ಲ. ಗಿಟಾರು, ಡ್ರಮ್ಮು ಇರಲಿ. ಎರಡನೇ ಸುತ್ತಿಗೆ ಕಾಯೋದೇ ಬೇಡ, ಪ್ರತಿ ಶನಿವಾರ ಬನ್ನಿ. ಆದ್ರೆ ಆ ಪೆಟ್ಟಿಗೆ ಬೇಡ." ನನ್ನ ಕಡೆ ತಿರುಗಿ ಸ್ವಲ್ಪ ಮೆತ್ತಗೆ, "ಪರದೆ ಚೆನ್ನಾಗಿ ಹೊಲಿದಿದ್ದೀರಿ" ಎಂದಳು.

ಈ ಊರಿನ ಬಾಗಿಲುಗಳನ್ನೆಲ್ಲ ತಟ್ಟಿದವಳು ನಾನು. ಹಲ್ಲು ಕಿರಿದು ಬೇಡಿದವಳು ನಾನು. ನನ್ನದೇ ಪರದೆಯ ಮುಂದೆ ನನ್ನನ್ನೇ ಹೊರಗೆ ಹಾಕುತ್ತಿದ್ದಾರೆ. ಬಾಯಿ ತೆರೆದರೆ ನಿಜ ಬಿದ್ದುಬಿಡುತ್ತದೆಂದು ಹಲ್ಲು ಕಚ್ಚಿ ನಿಂತೆ. ಹಾಗೆ ಸುಮ್ಮನೆ ನಿಲ್ಲುವುದು ನನ್ನ ಜಾಯಮಾನವೇ ಅಲ್ಲ.

"ಏನಾಗಿತ್ತೇ ನಿನಗೆ?" ಎಂದರು ಅತ್ತೆ. "ಇಷ್ಟು ವರ್ಷ ಒಂದು ದಿನ ನನ್ನ ಶ್ರುತಿ ತಪ್ಪಿದೋಳಲ್ಲ ನೀನು. ಇವತ್ತೇ ಕೈ ಕೊಡಬೇಕಿತ್ತಾ?"

"ಗಾಬರಿ ಆಯ್ತು ಅತ್ತೆ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಯ್ತಾ? ಜನ ಎದ್ದು ಹೋದ್ರು."

ಆಗ ಮಾತ್ರೆ ತಡೆಯಲಾರದೆ ಬಾಯಿ ಹಾಕಿದ. "ಅಮ್ಮಾ, ಅಕ್ಕಂದು ತಪ್ಪಲ್ಲ. ಅವರು ನುಡಿಸಿದ್ದೇ ಸರಿಯಾದ ಶ್ರುತಿ. ನಾವೇ ಮೂರು ಮನೆ ಕೆಳಗೆ..."

ಅವನು ನಾಲಿಗೆ ಕಚ್ಚಿಕೊಂಡ. ನನ್ನ ಗಂಡ ತಟ್ಟೆಗಳನ್ನು ನೋಡುತ್ತ ನಿಂತ. ಅಡುಗೆಮನೆಯಲ್ಲಿ ನಲ್ಲಿಯ ನೀರು ಸುರಿಯುತ್ತಿತ್ತು.

ಅತ್ತೆ ಮಾತ್ರೆಯನ್ನು ನೋಡಿದರು, ಆಮೇಲೆ ನನ್ನನ್ನು.

"ಮೂರು ಮನೆ ಕೆಳಗೆ ಇಸ್ತ್ರಿಯವನಲ್ವಾ ಇರೋದು?"

ನಾನು ತಲೆ ಎತ್ತಲಿಲ್ಲ. ಅದೇ ಉತ್ತರವಾಯಿತು.

ಅವರು ಬಯ್ಯುತ್ತಾರೆಂದು ಕಾದೆ. ಬಯ್ಯಲಿ ಎಂದು ಬೇಡಿಕೊಂಡೆ. ಅತ್ತೆ ಏನೂ ಹೇಳದೆ ಆಲೂಗಡ್ಡೆ ಚೀಲದ ಮೇಲೆ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ತುಟಿ ಬಿಗಿಯಿತು. ಆ ಚಳಿಗಾಲದಲ್ಲಿ ಕಿಟಕಿಯ ಹತ್ತಿರ ಕೂತಿದ್ದ ಮುಖ ಅದು; ನಾನು ಮರೆತಿರಲಿಲ್ಲ.

"ಅಮ್ಮ" ಎಂದ ನನ್ನ ಗಂಡ. ಅವರು ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಸನ್ನೆ! ಶನಿವಾರಗಳೂ ಬೇಡ, ಹೋಟೆಲೂ ಬೇಡ, ಇವರೊಂದು ಮಾತಾಡಿದರೆ ಸಾಕು ಎನ್ನಿಸಿತು.

"ಅತ್ತೆ, ನನಗೆ ಎರಡೇಟು ಹೊಡೀರಿ ಬೇಕಾದ್ರೆ" ಎಂದೆ. "ಮಾತು ಮಾತ್ರ ಬಿಡಬೇಡಿ. ನನ್ನ ಕೈಲಿ ಇನ್ನೊಂದು ಸಲ ಆಗಲ್ಲ. ನಿಮ್ಮನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗಲ್ಲ."

ಅವರು ಮಡಿಲಲ್ಲಿದ್ದ ಕನ್ನಡಕವನ್ನು ಸೆರಗಿನಿಂದ ಒರೆಸತೊಡಗಿದರು.

"ಜನ ಕಾಯ್ತಿದ್ದಾರೆ" ಎಂದಳು ಯಜಮಾನಿ. ಅವಳಿಗೆ ಮನೆಯೂ ಅರ್ಥವಾಗಿರಲಿಲ್ಲ, ಇಸ್ತ್ರಿಯವನೂ ಅರ್ಥವಾಗಿರಲಿಲ್ಲ. "ಹಾಡ್ತೀರೋ, ಇಲ್ಲ ಎಲ್ರಿಗೂ ಬಿಲ್ಲು ಕೊಡಲೋ?"

ಅತ್ತೆ ಎದ್ದರು. ಕನ್ನಡಕ ಹಾಕಿಕೊಂಡರು. ನನ್ನ ತೋಳು ಹಿಡಿದು ಎಳೆದುಕೊಂಡೇ ಹೊರಟರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಮರುದಿನ ಅಲ್ಲಿ ಕೆಂಪಾಗಿತ್ತು. ನನ್ನನ್ನು ಕೀಬೋರ್ಡಿನ ಮುಂದೆ ಕೂರಿಸಿದರು. ಯಜಮಾನಿ, "ಪೆಟ್ಟಿಗೆ ಬೇಡ ಅಂದಿದ್ದೆನಲ್ಲ" ಎನ್ನುತ್ತ ಹಿಂದೆಯೇ ಬಂದಳು. ಅತ್ತೆ ಅವಳ ಕಡೆ ನೋಡಲೂ ಇಲ್ಲ. ಟೇಪನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ ಆ ಗಾಜಿನ ಕಿಟಕಿ ಓದಿದರು. ಸೊನ್ನೆ ಇತ್ತು.

"ಕೊಡು" ಎಂದರು. ಅಷ್ಟೊತ್ತಿಗೆ ಅವರ ಬಾಯಿಂದ ಬಂದ ಮೊದಲ ಮಾತು.

"ಅತ್ತೆ, ಇದರಲ್ಲಿ ಬೇಡ."

"ಕೊಡೇ."

ಸೊನ್ನೆಯಲ್ಲೇ ಶ್ರುತಿ ಕೊಟ್ಟೆ. ಮಾತ್ರೆ ಕೈ ಕೆಳಗಿಟ್ಟ. ಅತ್ತೆ ಒಬ್ಬರೇ, ತಮ್ಮ ಹರೆಯದ ಆ ಶ್ರುತಿಯಲ್ಲಿ, ಕೊನೆಯ ಬಸ್ಸಿನ ಸಾಲನ್ನು ಎತ್ತಿಕೊಂಡರು. ಬಸ್ಸು ಹೋಯಿತು. 'ಹೋದ ಮೇಲೂ' ಎಂಬುದೂ ದಾಟಿತು. 'ದೀ' ಎಂದು ಮೇಲಕ್ಕೇರಿದರು, ದನಿ ಒಡೆಯಿತು. ಸಣ್ಣ ಬಿರುಕಲ್ಲ, ತುಂಬಿದ ಹೋಟೆಲಿನ ಮುಂದೆ ಚೂರುಚೂರಾಯಿತು. ಯಾರೂ ಚಮಚ ಅಲುಗಿಸಲಿಲ್ಲ. ನಾನು ಕೀಲಿಗಳನ್ನೇ ನೋಡುತ್ತಿದ್ದೆ, ತಲೆಯೆತ್ತುವ ಧೈರ್ಯವಾಗಲಿಲ್ಲ.

ಅತ್ತೆ ಒಮ್ಮೆ ಕೆಮ್ಮಿದರು. ಆಮೇಲೆ ಬಾಯಿಯನ್ನು ಮೈಕಿನ ಹತ್ತಿರ ತಂದರು. ಬಂದಿದ್ದು ಹಾಡಿನ ದನಿಯಲ್ಲ, ಗಾಜಿನ ಗೂಡಿನ ದನಿ.

"ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಈ ಗಾಯಕಿ ತಮ್ಮ ನಿಗದಿತ ಶ್ರುತಿಗಿಂತ ಮೂರು ಮನೆ ಕೆಳಗೆ ಸಂಚರಿಸುತ್ತಿದ್ದಾರೆ. ಮೊದಲ ಸುತ್ತಿನಲ್ಲಿ ಕೀಬೋರ್ಡು ಸರಿಯಾಗಿತ್ತು, ತಪ್ಪಿದ್ದು ಗಂಟಲು. ಪ್ರಯಾಣಿಕರಿಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಎಲ್ಲೋ ಹಿಂದೆ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಹೋಟೆಲು ನಕ್ಕಿತು, ನಗುತ್ತಲೇ ಚಪ್ಪಾಳೆ ತಟ್ಟಿತು, ತಟ್ಟುತ್ತಲೇ ಇತ್ತು. "ಪರವಾಗಿಲ್ಲ ಅಮ್ಮ, ಕಾಯ್ತೀವಿ!" ಎಂದು ಯಾರೋ ಕೂಗಿದರು. ಯಜಮಾನಿ ಬಾಗಿಲ ಹತ್ತಿರ ನಿಂತವರಿಗೆ ಒಳಗಿಂದ ಸ್ಟೂಲು ತರಿಸುತ್ತಿದ್ದಳು. ಪೆಟ್ಟಿಗೆಯ ವಿಷಯ ಮತ್ತೆ ಎತ್ತಲಿಲ್ಲ.

"ಇಳಿಸು" ಎಂದರು ಅತ್ತೆ.

ಗುಂಡಿ ಒತ್ತಿದೆ. "ಒಂದು" ಎಂದರು. ಮತ್ತೆ ಒತ್ತಿದೆ. "ಎರಡು." ಈಗ ಜನವೂ ಜೊತೆಗೆ ಎಣಿಸುತ್ತಿದ್ದರು. "ಮೂರು!"

ನಾನು ಕೈ ತೆಗೆದು ಕೀಲಿಯ ಮೇಲಿಟ್ಟೆ.

"ಇನ್ನೊಂದು" ಎಂದರು ಅತ್ತೆ.

"ಮೂರೇ ಅತ್ತೆ ನಾವು ಇಳಿಸಿದ್ದು."

ಅವರು ಮೈಕನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಇಸ್ತ್ರಿಯವನ ಮನೆ ನಾಲ್ಕನೇದು ಕಣೇ. ಅವತ್ತೇ ಹೇಳೋಣ ಅಂತಿದ್ದೆ. ನೀನು ಕೊಡ್ತಿದ್ದ ಶ್ರುತೀಲೂ ನನಗೆ ಗಂಟಲು ಹರೀತಿತ್ತು. ಆಗಲ್ಲ ಅಂದ್ರೆ ನೀವು ಮೂವರೂ ನನ್ನ ಬಿಟ್ಟು ಹಾಡ್ಕೋತೀರಿ ಅಂತ ಬಾಯಿ ಮುಚ್ಕೊಂಡಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ ಮೂಗು ಒರೆಸಿಕೊಂಡೆ, ನಾಚಿಕೆಯಾಗಲಿಲ್ಲ. ಇವಳು ಇಷ್ಟು ದಿನ ನೋವು ನುಂಗಿಕೊಂಡು ದೀಪ ಹಚ್ಚುತ್ತಿದ್ದಳಲ್ಲ, ನನ್ನ ಅತ್ತೆ, ಈ ಮೊಂಡು ಹೆಂಗಸು, ಎಂದು ಸಿಟ್ಟೂ ಬಂತು.

"ಅಳೋದು ಮನೇಲಿ" ಎಂದರು. "ಒತ್ತು."

ಒತ್ತಿದೆ. ಗಾಜಿನ ಕಿಟಕಿಯಲ್ಲಿ ಮೈನಸ್ ನಾಲ್ಕು ಮೂಡಿತು. ಮಾತ್ರೆ ತಲೆ ಚಚ್ಚಿಕೊಂಡು ತಂತಿ ಸಡಿಲಿಸಲು ಕೂತ. ಅವನು ತಿರುವಿ ಮುಗಿಸುವವರೆಗೂ ನನ್ನ ಗಂಡ ಮೆಲ್ಲಗೆ ತಾಳ ಹಾಕಿದ, ಜನ ಮೇಜು ತಟ್ಟಿದರು. ಒಬ್ಬರೂ ಏಳಲಿಲ್ಲ.

ಅತ್ತೆ ನನ್ನ ಬೆರಳಿನ ಕಡೆ ನೋಡದೆ, ಜನರ ಕಡೆ ನೋಡುತ್ತ ಹಾಡಿದರು. ಕೊನೆಯ ಬಸ್ಸು ಹೋಯಿತು. ದೀಪ ಎನ್ನುವಲ್ಲಿ ದನಿ ಏರಿತು, ಏರಿದಲ್ಲೇ ನಿಂತಿತು. ನನ್ನ ಅಳತೆ ಟೇಪು ಯಾವಾಗಲೋ ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತ್ತು. ಎತ್ತಿಕೊಳ್ಳಲು ಕೈ ಬಿಡುವಿರಲಿಲ್ಲ.